ಹಗ್ಗದಕ್ಕನ ಮೂರು ಕೂಗು

“ಆಚೆ ಯಾರಾದ್ರೂ ಇದ್ದೀರಾ?”

ಕೇಳಿದ್ದು ಯಾರನ್ನೂ ಅಲ್ಲ. ಎದುರಿಗೆ ದಡವೇ ಕಾಣುವುದಿಲ್ಲ. ಇರುವುದು ಬೆಳ್ಳನೆಯ ಮಂಜು, ಅದರೊಳಕ್ಕೆ ಹೊಕ್ಕು ಮಾಯವಾಗುವ ಒಂದು ದಪ್ಪ ಹಗ್ಗ. ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಚಪ್ಪಟೆ ತಳದ ದೋಣಿಯ ತುದಿಯಲ್ಲಿ ನಿಂತ ಹೆಂಗಸು ತಲೆಗೆ ಸುತ್ತಿದ ಉಣ್ಣೆಬಟ್ಟೆಯನ್ನು ಕಿವಿಯ ಮೇಲಿಂದ ಸರಿಸಿ, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಮತ್ತೆ ಕೂಗುತ್ತಾರೆ. ಮತ್ತೂ ಒಮ್ಮೆ. ಮೊದಲ ಕೂಗು ಗಿಡ್ಡ, ಎರಡನೆಯದು ನೀಳ, ಮೂರನೆಯದು ಇಳಿದನಿಯದು. ಪದ್ಯ ಓದುವವರು ಸಾಲಿನ ಕೊನೆಯಲ್ಲಿ ನಿಲ್ಲುವಷ್ಟು ಹೊತ್ತು ನಡುನಡುವೆ ಮೌನ. ನೀರು ಹಲಗೆಗೆ ತಾಗಿ ಲೊಚಕ್ಕೆಂದದ್ದು ಬಿಟ್ಟರೆ ಉತ್ತರವಿಲ್ಲ.

“ಈ ಹೊತ್ತಲ್ಲಿ ಯಾರೂ ಇರಲ್ಲ ಅಂತ ಗೊತ್ತು ಕಣ್ರೀ” ಎನ್ನುತ್ತಾ ಅವರು ಕೂತು, ದೋಣಿಯ ತಳದಲ್ಲಿ ರಾತ್ರಿ ಜಿನುಗಿದ ನೀರನ್ನು ತಗಡಿನ ಡಬ್ಬಿಯಿಂದ ಮೊಗೆದು ಹೊರಗೆ ಚೆಲ್ಲತೊಡಗುತ್ತಾರೆ. “ಆದ್ರೂ ಕೂಗ್ಬೇಕು. ಯಾರೂ ಇಲ್ಲ ಅನ್ನೋದನ್ನೂ ನಮ್ಮ ಕಿವಿಯಿಂದ್ಲೇ ಕೇಳಿಸ್ಕೋಬೇಕಲ್ಲ!”

ಊರಿನವರು ಇವರನ್ನು ಕರೆಯುವುದು ಹಗ್ಗದಕ್ಕ ಎಂದು. ಇವರಿಗಿಂತ ಹಿರಿಯರೂ ಅಕ್ಕ ಎಂದೇ ಕರೆಯುತ್ತಾರೆ.

ಮಹಾನಗರದಿಂದ ರೈಲಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು ದೂರದ ಊರು ಇದು. ಕಣ್ಣುಜ್ಜಿಕೊಂಡು ಇಳಿದರೆ ಬೇರೆಯೇ ಲೋಕಕ್ಕೆ ಬಂದಂತೆ. ಕಲ್ಲು ಹಾಸಿದ ಏರುಬೀದಿ, ಬೀದಿಯ ಎರಡೂ ಬದಿಗೆ ಒಂದಕ್ಕೊಂದು ಹೆಗಲು ಕೊಟ್ಟು ನಿಂತ ಹೆಂಚಿನ ಮನೆಗಳು, ನೀಲಿ ಹಸಿರು ಬಣ್ಣ ಬಳಿದ ಕಿಟಕಿಗಳು, ಕಿಟಕಿಯ ಕಟ್ಟೆಯ ಮೇಲೆ ಹೂವಿನ ಕುಂಡ. ಹಳೆಯ ಪುಸ್ತಕದ ಅಂಗಡಿಯಲ್ಲಿ ಬೆಕ್ಕು ಮಲಗಿದ ಪುಸ್ತಕವನ್ನು ಯಾರೂ ಕೊಳ್ಳುವಂತಿಲ್ಲ. ಬ್ರೆಡ್ಡಿನ ಅಂಗಡಿಯ ಘಮ ತಿರುವು ದಾಟಿಯೂ ಹಿಂದೆಯೇ ಬರುತ್ತದೆ. ವಾರದ ಕೊನೆಯಲ್ಲಿ ಪಟ್ಟಣದವರು ಹಿಂಡುಹಿಂಡಾಗಿ ಬಂದು ಇದನ್ನೆಲ್ಲ ನೋಡಿ, “ಎಷ್ಟು ನೆಮ್ಮದಿಯಾಗಿದೆ ಅಲ್ವಾ!” ಎಂದು ನಿಟ್ಟುಸಿರು ಬಿಡುತ್ತಾರೆ.

ಆದರೆ ರೈಲು ನಿಲ್ದಾಣ ಇರುವುದು ಹೊಳೆಯ ಒಂದು ದಡದಲ್ಲಿ, ಊರು ಇರುವುದು ಇನ್ನೊಂದು ದಡದಲ್ಲಿ. ಸೇತುವೆ ಬಹಳ ಮೇಲಕ್ಕಿದೆ. ಕಾರಿನವರು ಅಲ್ಲಿ ಸುತ್ತಿ ಬರುತ್ತಾರೆ. ರೈಲಿನಲ್ಲಿ ಬಂದವರಿಗೆ ಹಗ್ಗದಕ್ಕನ ದೋಣಿಯೇ ಊರಬಾಗಿಲು. ದಡದಿಂದ ದಡಕ್ಕೆ ಬಿಗಿದ ಹಗ್ಗವನ್ನು, ನಡುವೆ ಕಚ್ಚು ಕೊರೆದ ಒಂದು ಮರದ ತುಂಡಿನಿಂದ ಕಚ್ಚಿ ಹಿಡಿದು, ಇವರು ದೋಣಿಯ ಮುಂತುದಿಯಿಂದ ಹಿಂತುದಿಗೆ ನಡೆಯುತ್ತಾರೆ. ಇವರು ಹಿಂದಕ್ಕೆ ನಡೆದಷ್ಟೂ ದೋಣಿ ಮುಂದಕ್ಕೆ ಸರಿಯುತ್ತದೆ. ತುದಿ ಮುಟ್ಟಿದ ಮೇಲೆ ಮರದ ತುಂಡನ್ನು ಬಿಡಿಸಿಕೊಂಡು ಮತ್ತೆ ಮುಂದಿನಿಂದ ಶುರು. ಹುಟ್ಟಿಲ್ಲ, ಮೋಟಾರಿಲ್ಲ.

ದಿನಕ್ಕೆ ಎಷ್ಟು ಸಲ ದಾಟುತ್ತೀರಿ ಎಂದು, ಇವರ ಕತೆ ಬರೆಯಲು ಬಂದ ನಾವು ಕೇಳಿದರೆ ನಗುತ್ತಾರೆ. “ಎಣಿಸಿದ ದಿನ ಕೈ ನೋಯುತ್ತೆ. ಅದಕ್ಕೇ ಎಣಿಸೋದು ಬಿಟ್ಟಿದೀನಿ.”

ನಿಲ್ದಾಣದಲ್ಲಿ ಊರಿನ ದೊಡ್ಡ ಬಣ್ಣದ ಚಿತ್ರವೊಂದನ್ನು ತೂಗುಹಾಕಿದ್ದಾರೆ. ಹೊಳೆ ಇದೆ, ಹಗ್ಗ ಇದೆ, ದೋಣಿ ಇದೆ. ದೋಣಿಯಲ್ಲಿ ಯಾರೂ ಇಲ್ಲ. ಅದನ್ನು ಹೇಳಿದರೆ ಹಗ್ಗದಕ್ಕ ತಕರಾರು ತೆಗೆಯುತ್ತಾರೆ. “ಯಾರ್ರೀ ಅಂದಿದ್ದು ಇಲ್ಲ ಅಂತ? ಇದೀನಿ ಅದರಲ್ಲಿ. ಅವರು ಫೋಟೋ ತೆಗೆಯೋವಾಗ ನಾನು ಬಗ್ಗಿ ನೀರು ಚೆಲ್ತಿದ್ದೆ ಅಷ್ಟೆ. ಸರಿಯಾಗಿ ನೋಡಿ, ಡಬ್ಬಿ ಹಿಡಿದ ಒಂದು ಕೈ ಕಾಣುತ್ತೆ.”

ಸರಿಯಾಗಿ ನೋಡಿದರೆ ಹೌದು, ಒಂದು ಕೈ ಕಾಣುತ್ತದೆ.

ಮೊದಲು ಹಗ್ಗ ಎಳೆಯುತ್ತಿದ್ದವರು ಅಪ್ಪ. ಊರಿನ ದಡದಲ್ಲಿ ದೋಣಿ ಕಟ್ಟುವ ಜಾಗದ ಪಕ್ಕದಲ್ಲೇ ಎರಡು ಕೋಣೆಯ ಮನೆ. ಮನೆಯ ಒಂದು ಕಿಟಕಿ ಹೊಳೆಗೆ, ಇನ್ನೊಂದು ಬೀದಿಗೆ. ಅವ್ವ ಹೋದಾಗ ಅಕ್ಕನಿಗೆ ಲಂಗದ ವಯಸ್ಸು, ತಂಗಿ ಇನ್ನೂ ತೊಟ್ಟಿಲು. “ತಂಗಿ ಅನ್ನೋದು ಬಾಯಿಮಾತಿಗೆ. ಸಾಕಿದ್ದು ನಾನೇ. ಬೆನ್ನಿಗೆ ಕಟ್ಕೊಂಡು ಹಗ್ಗ ಎಳೆದಿದೀನಿ. ಅಳ್ತಿದ್ದೋಳು ದೋಣಿ ಹೊರಟ ತಕ್ಷಣ ಗಪ್‌ಚುಪ್. ಈ ಕಡೆ ಮುಟ್ಟಿಸಿದ್ರೆ ಮತ್ತೆ ರಾಗ. ಅವಳ ದೆಸೆಯಿಂದ ಎಷ್ಟು ಸಲ ಖಾಲಿ ದೋಣೀನ ಅತ್ತಿಂದಿತ್ತ ಎಳೆದಿದೀನೋ!”

ಅಪ್ಪ ಇಬ್ಬರಿಗೂ ಕಲಿಸಿದ್ದು ಒಂದೇ ಕಟ್ಟಳೆ. ಮಂಜು ಬಿದ್ದಾಗ ದೋಣಿ ಕೂಗಬೇಕು, ದಡ ಓಗೊಡಬೇಕು. ದಡದಲ್ಲಿ ನಿಂತವರು ತಾವಾಗಿ ಕೂಗಬಾರದು. ಕಾಣದ ನೀರಿನ ಮೇಲೆ ಎಲ್ಲಿಂದ ಯಾವ ದನಿ ಬಂತೆಂದು ತಿಳಿಯುವುದಿಲ್ಲ. ಹಿಂದೊಮ್ಮೆ ಯಾರೋ ದನಿಯ ಜಾಡು ಹಿಡಿದು ನಡೆದು, ದೋಣಿ ಹತ್ತಲು ಹಾಕಿದ ಹಲಗೆ ಇಲ್ಲದ ಕಡೆ ನೀರಿಗೆ ಕಾಲಿಟ್ಟಿದ್ದರಂತೆ. ಅದಕ್ಕೇ ಕೂಗುವ ಹಕ್ಕು ದೋಣಿಯದು, ಮೂರು ಸಲ. ಓಗೊಟ್ಟ ಮೇಲೆ ಮತ್ತೆ ಕೂಗುವಂತಿಲ್ಲ. ಸುಮ್ಮನೆ ಹೊರಟುಬಿಡಬೇಕು. ಮತ್ತೆ ಕೂಗಿದರೆ ದಡದವರಿಗೆ ‘ನನ್ನ ಮಾತು ಮುಟ್ಟಲಿಲ್ಲವೇನೋ’ ಎಂಬ ದಿಗಿಲು ಹತ್ತುತ್ತದೆ, ಗಾಬರಿಯಲ್ಲಿ ಒಂದು ಹೆಜ್ಜೆ ಮುಂದಿಡುತ್ತಾರೆ.

ಕೇಳುವುದು ನಮ್ಮ ಪಾಲು, ಉತ್ತರ ಆಚೆಯವರ ಮರ್ಜಿ. ಕಾಣದವನ ಮುಂದೆ ಕೈಮುಗಿದು ಕೂತು ಅಭ್ಯಾಸವಿರುವವರಿಗೆ ಈ ಕಟ್ಟಳೆ ಹೊಸದೇನಲ್ಲ.

ತಂಗಿಗೆ ಇದರಲ್ಲೊಂದು ತೊಡಕಿತ್ತು. ಅವಳದು ಸಣ್ಣ ದನಿ. ನೀರು ದಾಟುತ್ತಿರಲಿಲ್ಲ. ಶಾಲೆ ಇದ್ದದ್ದು ನಿಲ್ದಾಣದ ಕಡೆಗೆ. ಚಳಿಗಾಲದ ಸಂಜೆ ಆಚೆ ದಡದಲ್ಲಿ ನಿಂತು ಅಪ್ಪನ ಕೂಗಿಗೆ ‘ಇದೀನಿ’ ಎಂದರೆ ಅದು ಅವಳ ಬಾಯಿಯ ಸುತ್ತಲೇ ಉಳಿಯುತ್ತಿತ್ತು. ದೋಣಿ ಕಟ್ಟಲು ಅಲ್ಲಿ ನೆಟ್ಟಿರುವುದು ಹಳೆಯ ರೈಲುಹಳಿಯ ಒಂದು ತುಂಡು. ಒಂದು ದಿನ ಅವಳು ಬೆಣಚುಕಲ್ಲು ಎತ್ತಿಕೊಂಡು ಅದಕ್ಕೆ ಎರಡು ಏಟು ಹಾಕಿದಳು. ಠಣ್, ಠಣ್. ಅಲ್ಲಿಂದ ಮುಂದೆ ಅದೇ ಅವಳ ಓಗೊಡುವಿಕೆ. “ಅಪ್ಪ ಬೈತಾರೆ ಅಂದ್ಕೊಂಡಿದ್ವಿ. ಅವರು ನಗಾಡಿದ್ರು. ನನ್ನ ಕಿರಿಮಗಳು ಗಂಟೆ ಕಟ್ಟಿಸ್ಕೊಂಡಿದ್ದಾಳೆ ಅಂತ.”

ಈಗ ಆ ಹಳಿಯನ್ನು ಯಾರೂ ಬಡಿಯುವುದಿಲ್ಲ. ಪ್ರವಾಸಿಗರು ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ.

ಹೊತ್ತೇರುತ್ತಿದ್ದಂತೆ ಮಂಜು ಕರಗುತ್ತದೆ. ಮೊದಲ ರೈಲಿನ ಜನ ಇಳಿಯುತ್ತಾರೆ. ದೋಣಿ ತುಂಬ ಟೋಪಿಗಳು, ಕೈಚೀಲಗಳು, ಅರಚುವ ಮಕ್ಕಳು. “ಕೂತ್ಕೊಳ್ಳಿ ಅಮ್ಮಾ, ನಿಂತ್ರೆ ಬೇಗ ಏನೂ ಮುಟ್ಟಲ್ಲ.” “ಅಣ್ಣಾ, ಆ ಹಗ್ಗ ಹಿಡ್ಕೋಬೇಡಿ, ಅದು ನನ್ನ ಹೊಟ್ಟೆಪಾಡು.” ನಗು. ಎಲ್ಲರನ್ನೂ ಮಾತಾಡಿಸುತ್ತಾರೆ. ಮಾತಿನ ನಡುವೆ ಎಲ್ಲರಿಗೂ ಕೇಳುವ ಪ್ರಶ್ನೆ ಒಂದಿದೆ:

“ಪಟ್ಟಣದಲ್ಲಿ ಯಾವ ಕಡೆಯೋರು ನೀವು? ಆ ದೊಡ್ಡ ಗಡಿಯಾರದ ಹೋಟೆಲು ಗೊತ್ತಾ?”

“ಗೊತ್ತಲ್ಲ! ನಮ್ಮ ಆಫೀಸಿನ ಹಿಂದೇನೇ” ಎನ್ನುತ್ತಾರೆ ಕಡುಗೆಂಪು ಸ್ಕಾರ್ಫಿನ ಹೆಂಗಸೊಬ್ಬರು.

“ಹೌದಾ? ಹೇಗಿದೆ ಅದು? ಕಿಟಕಿ ಇದಾವಾ ಬೇಕಾದಷ್ಟು?”

“ಕಿಟಕಿ... ಇರ್ಬೇಕು. ಯಾಕೆ, ಉಳ್ಕೊಳ್ಳೋಕೆ ಹೋಗ್ತೀರಾ?”

“ಅಯ್ಯೋ, ನಾನೆಲ್ಲಿ ಹೋಗ್ಲಿ ತಾಯಿ! ಹಗ್ಗ ಯಾರು ಎಳೀತಾರೆ? ಸುಮ್ನೆ ಕೇಳ್ದೆ.”

ಸುಮ್ಮನೆ ಕೇಳುವುದಲ್ಲ. ಆ ಹೋಟೆಲಿನ ನೆಲಮಾಳಿಗೆಯಲ್ಲಿ ಹಾಸಿಗೆಬಟ್ಟೆ ಒಗೆದು ಇಸ್ತ್ರಿ ಮಾಡುವ ಕೋಣೆ ಇದೆ. ಅಲ್ಲಿ ತಂಗಿ ದುಪ್ಪಟಿಗಳನ್ನು ಮಡಚುವ ಕೆಲಸದಲ್ಲಿದ್ದಾರೆ. ಒಂದು ನಿದ್ದೆಯಷ್ಟು ದೂರದ ಆ ಜಾಗವನ್ನು ಹಗ್ಗದಕ್ಕ ಇವತ್ತಿನವರೆಗೆ ಕಂಡಿಲ್ಲ. ದಾಟಿ ಹೋಗುವವರ ಬಾಯಿಂದ ಕಿಟಕಿ, ಮೆಟ್ಟಿಲು, ಬಾಗಿಲು ಎಂದು ತುಂಡುತುಂಡಾಗಿ ಕಟ್ಟಿಕೊಳ್ಳುತ್ತಿದ್ದಾರೆ.

ಊರಿನ ಚೆಲುವಿನ ಬಗ್ಗೆ ಇವರ ಮಾತು ಬೇರೆ. “ಬಂದೋರೆಲ್ಲ ಇಲ್ಲೇ ಇದ್ದುಬಿಡೋಣ ಅಂತಾರೆ. ಸಂಜೆ ಕೊನೇ ದೋಣಿಗೆ ಎದ್ದೂಬಿದ್ದೂ ಓಡ್ಬರೋರೂ ಅವರೇ. ಚೆನ್ನಾಗಿರೋದು ಯಾವತ್ತೂ ಆಚೆ ದಡಾನೇ ನೋಡಿ. ನಂಗೂ ಹಾಗೇ ಅನ್ಸುತ್ತೆ, ತಪ್ಪೇನು?”

ಪಟ್ಟಣದವರಿಗೆ ಇವರ ಕೂಗು ಹೇಗೋ ಗೊತ್ತಾಗಿಬಿಟ್ಟಿದೆ. ನೆತ್ತಿಯ ಮೇಲೆ ಬಿಸಿಲಿದ್ದರೂ ಫೋನು ಹಿಡಿದು, “ಅಕ್ಕಾ, ಒಂದ್ಸಲ ಕೂಗಿ ಅಕ್ಕಾ” ಎಂದು ಗೋಗರೆಯುತ್ತಾರೆ. ಹಗ್ಗದಕ್ಕ ಕೂಗುತ್ತಾರೆ. ಇನ್ನೊಮ್ಮೆ ಎಂದರೆ ಇನ್ನೊಮ್ಮೆ. ಮಗು ಅತ್ತರೆ ಮತ್ತೊಮ್ಮೆ. ಅರ್ಧ ದನಿಯಲ್ಲಿ, ನಗುನಗುತ್ತಾ.

ದಡದ ಮೇಲೆ ಸ್ಟೂಲು ಹಾಕಿಕೊಂಡು ಟಿಕೆಟ್ ಹರಿಯುತ್ತಾ ಕೂತ ಗಂಡನಿಗೆ ಇದು ಸರಿಬರುವುದಿಲ್ಲ. “ಇವಳಿಗೆ ಇಲ್ಲ ಅನ್ನೋಕೇ ಬರಲ್ಲ ನೋಡಿ. ನಾನು ಹೆಣ್ಣು ನೋಡೋಕೆ ಬಂದಾಗ್ಲೂ ಹಾಗೇ ಒಪ್ಕೊಂಡಿರ್ಬೇಕು.”

“ಬರ್ತಿತ್ತು ಕಣ್ರೀ. ಆವತ್ತು ನೆನಪಾಗ್ಲಿಲ್ಲ” ಎಂದು ದೋಣಿಯಿಂದ ಉತ್ತರ.

ಅಪ್ಪನ ನಂತರ ಹಗ್ಗ ಹಿಡಿದಿದ್ದವರು ಈ ಗಂಡ. ಅವರ ಬಲಭುಜ ಈಗ ಎಡದ್ದಕ್ಕಿಂತ ಕೆಳಗಿದೆ. ಚಹಾದ ಲೋಟ ಎತ್ತಲೂ ಎಡಗೈಯೇ ಬೇಕು. ತಂಗಿಯ ಕತೆಯನ್ನು ಹೇಳುವುದು ಅವರೇ, ಹೆಂಡತಿ ದೋಣಿ ಎಳೆದುಕೊಂಡು ನಡುಹೊಳೆಗೆ ಹೋದಾಗ.

“ನಮ್ಮ ನಾದಿನಿಗೆ ಪಟ್ಟಣದ ಕೆಲಸದ ಆಸೆ. ಇವಳಿಗೆ ಕಳಿಸೋಕೆ ಮನಸ್ಸಿಲ್ಲ. ಬೆಳಿಗ್ಗೆ ಇಬ್ಬರಿಗೂ ಮಾತಿಗೆ ಮಾತು ಬೆಳೀತು. ಪಟ್ಟಣವೇ ಬೇಕು ಅಂದ್ರೆ ಅಲ್ಲೇ ಇರು ಹೋಗು ಅಂದ್ಬಿಟ್ಲು ಇವಳು. ಬಾಯಿಗೆ ಬಂದ ಮಾತು ಅಷ್ಟೆ. ಅವಳೂ ದಡದಡ ದೋಣಿ ಇಳಿದು ಹೋದ್ಲು. ಅವತ್ತು ಮಧ್ಯಾಹ್ನವೇ ನಾನು ಹಲಗೆ ಮೇಲೆ ಜಾರಿ ಬಿದ್ದು ಭುಜ ಮುರ್ಕೊಂಡೆ. ದೋಣಿ ಕಟ್ಟಿ, ಬಾಗಿಲು ಎಳೆದು, ಇವಳು ನನ್ನನ್ನ ಆಸ್ಪತ್ರೆಗೆ ಕರ್ಕೊಂಡ್ಹೋದ್ಲು. ಸಂಜೆ ಮಂಜು ಇಳೀತು. ಕೂಗೋರು ಯಾರು?”

ಆ ಸಂಜೆಯ ರೈಲಿಗೆ ತಂಗಿ ವಾಪಸು ಬಂದಿದ್ದರು. ಬೇರೆ ಪ್ರಯಾಣಿಕರು ಸ್ವಲ್ಪ ಹೊತ್ತು ಕಾದು, ಗೊಣಗಿಕೊಂಡು, ಸೇತುವೆ ಸುತ್ತಿ ಊರು ಸೇರಿದರು. ತಂಗಿ ನಿಂತೇ ಇದ್ದರು. ಪರವೂರಿನವರಾಗಿದ್ದರೆ ಒಂದು ಕೂಗು ಹಾಕಿ ನೋಡುತ್ತಿದ್ದರೋ ಏನೋ. ಆ ಮನೆಯಲ್ಲಿ ಹುಟ್ಟಿದವಳು, ದಡದಿಂದ ಮೊದಲು ದನಿ ಎತ್ತುವಂತಿಲ್ಲ. ಬೇರೆ ಯಾರಿಗಾದರೂ ಅದು ಬರೀ ಮೌನ. ಆ ಮನೆಯ ಮಗಳಿಗೆ ಅದು ಬೆಳಗಿನ ಮಾತಿಗೆ ಬಿದ್ದ ಮುದ್ರೆ. ಮನೆಯೇ ಕೂಗುತ್ತಿಲ್ಲ. ಕೊನೆಯ ರೈಲಿಗೆ ಹಿಂದಿರುಗಿ ಹೋದರು.

ನಿಲ್ದಾಣದ ಕಡೆಯ ದಡದಲ್ಲಿ ಚಹಾದ ಗೂಡಂಗಡಿ ಇಟ್ಟವರನ್ನು ಎಲ್ಲರೂ ಚಹಾದಣ್ಣ ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಹಳಿಯ ತುಂಡಿನ ಮೇಲೆ ಒಂದು ಪೊಟ್ಟಣ ಇದ್ದದ್ದನ್ನು ಕಂಡವರು ಅವರು. ಒಳಗೆ ಒಂದು ಜೊತೆ ಚರ್ಮದ ಕೈಗವಸು, ಹಗ್ಗ ಎಳೆಯುವವರಿಗೆ ಬೇಕಾಗುವಂಥದು. ಜಗಳ ಆಡಲು ಬರುವವರು ಕೈಗವಸು ತರುವುದಿಲ್ಲ. ಹಗ್ಗದಕ್ಕ ಅವನ್ನು ಮಂಜಿನ ಕಾಲದಲ್ಲಿ ಮಾತ್ರ ಹಾಕುತ್ತಾರೆ. ಹೆಬ್ಬೆರಳ ಬಳಿ ತೇಪೆಯ ಮೇಲೆ ತೇಪೆ. ಮೂಲ ಚರ್ಮ ಎಷ್ಟು ಉಳಿದಿದೆಯೋ ಹೇಳುವುದು ಕಷ್ಟ.

ಅಕ್ಕತಂಗಿಯರು ಮಾತು ಬಿಟ್ಟವರಲ್ಲ. ಫೋನಿನಲ್ಲಿ ‘ಉಂಡ್ಯಾ, ಮಲಗಿದ್ಯಾ’ ನಡೆಯುತ್ತದೆ. ಭುಜ ಮುರಿದ ವಿಷಯವನ್ನೂ ಹೇಳಿ ಆಗಿದೆ. ‘ಗೊತ್ತು ಬಿಡಕ್ಕಾ’ ಎಂದಿದ್ದಾರೆ ತಂಗಿ. ಆದರೂ ವರ್ಷಗಳು ಕಳೆದವು, ದಾಟಿ ಮಾತ್ರ ಬಂದಿಲ್ಲ.

“ಗೊತ್ತಾಗೋದು ಬೇರೆ, ಕೇಳಿಸೋದು ಬೇರೆ” ಎನ್ನುತ್ತಾರೆ ಹಗ್ಗದಕ್ಕ, ದೋಣಿ ಕಟ್ಟಿ ನಮ್ಮ ಪಕ್ಕ ಬಂದು ಕೂತು. ಗಂಡ ಏನು ಹೇಳಿದ್ದಾರೆಂದು ಅವರಿಗೆ ಗೊತ್ತು. “ಆವತ್ತು ಸಂಜೆ ಅವಳ ಕಿವಿಗೆ ಬೀಳ್ಬೇಕಾಗಿದ್ದು ಇನ್ನೂ ಬಿದ್ದಿಲ್ಲ. ಅಷ್ಟೆ.”

ಈ ವರ್ಷ ಒಂದು ಹೊಸ ಸಂಗತಿ ನಡೆದಿದೆ. ರಜೆಯ ಭಾನುವಾರಗಳಲ್ಲಿ ತಂಗಿ ಆಚೆ ದಡದವರೆಗೆ ಬರುತ್ತಿದ್ದಾರೆ. ಗೂಡಂಗಡಿಯ ಹಿಂದಿನ ಬೆಂಚಿನಲ್ಲಿ ಒಂದು ಲೋಟ ಚಹಾ ಹಿಡಿದು, ದೋಣಿ ಹೋಗಿಬಂದು ಮಾಡುವುದನ್ನು ನೋಡುತ್ತಾ ಕೂರುತ್ತಾರೆ. ಹೊತ್ತು ಮುಳುಗುವ ಮೊದಲಿನ ರೈಲಿಗೆ ಹೊರಟುಬಿಡುತ್ತಾರೆ. ಸುದ್ದಿ ತಂದವರು ಚಹಾದಣ್ಣ. “ಹತ್ತಮ್ಮಾ ದೋಣಿ, ನಿಮ್ಮಪ್ಪಂದೇ ಅಲ್ವಾ ಅಂದೆ. ಕೂಗ್ಲಿ ಬಿಡಿ, ಹತ್ತುತ್ತೀನಿ ಅಂದ್ಲು. ಬಿಸಿಲಲ್ಲಿ ಯಾರಮ್ಮಾ ಕೂಗ್ತಾರೆ, ಕಾಣ್ಸೋದಿಲ್ವಾ ಅಂದೆ. ಚಹಾಕ್ಕೆ ಸಕ್ಕರೆ ಕಮ್ಮಿ ಅಂದ್ಲು!”

ಒಮ್ಮೆ ಹಗ್ಗದಕ್ಕನೇ ದೋಣಿ ಬಿಟ್ಟು ಓಡಿದ್ದರು. ಬೆಂಚಿನ ಮೇಲೆ ಲೋಟ ಇನ್ನೂ ಬೆಚ್ಚಗಿತ್ತು; ರೈಲು ಹೊರಟಿತ್ತು. ಮತ್ತೆ ಆ ಪ್ರಯತ್ನ ಮಾಡಿಲ್ಲ. “ಕೈಹಿಡಿದು ಎಳ್ಕೊಂಡು ಬಂದ್ರೆ ಬರ್ತಾಳೆ ಅಂತೀರಾ? ನನ್ನ ತಂಗಿ ಕಣ್ರೀ ಅದು. ಹಠದಲ್ಲಿ ನನ್ನನ್ನೇ ಮೀರಿಸ್ತಾಳೆ.”

ಹಗಲಲ್ಲಿ ಪ್ರವಾಸಿಗರಿಗಾಗಿ ಕೂಗುವುದು ಆಚೆಗೂ ಕೇಳಿಸುತ್ತದಲ್ಲ?

“ಅದು ಆಟದ ಕೂಗು. ಆಟದ ಕೂಗಿಗೆ ಅವಳು ಓಗೊಡಲ್ಲ. ನಾನಾಗಿದ್ರೂ ಕೊಡ್ತಿರ್ಲಿಲ್ಲ.”

ಹಾಗಾದರೆ ಇವರಿಗೆ ಏನಾಗಬೇಕು? ಇಷ್ಟು ವರ್ಷ ಎಳೆದಿದ್ದಕ್ಕೆ ಊರಿನವರಿಂದ ಏನಾದರೂ? ಹಗ್ಗದಕ್ಕ ಕೈಗವಸಿನ ದಾರ ಎಳೆಯುತ್ತಾ ಯೋಚಿಸುತ್ತಾರೆ. “ಏನು ಬೇಕು ಅಂತೀರಾ? ಭಾನುವಾರ ಸಂಜೆಗೊಂದು ಮಂಜು ಬೇಕು. ಹೋಟೆಲಿನೋರು, ಅಂಗಡಿಯೋರು ಎಲ್ಲಾ ಮಂಜಿಗೆ ಶಾಪ ಹಾಕ್ತಾರೆ, ಜನ ಬರಲ್ಲ ಅಂತ. ನಾನೊಬ್ಬಳು ಬೇಡ್ಕೋತೀನಿ. ಅವರಿಗೆ ಗೊತ್ತಾದ್ರೆ ನನ್ನನ್ನ ಹೊಳೆಗೇ ಎಸೀತಾರೆ.”

ನಾವು ಅಲ್ಲಿಗೆ ಹೋಗಿದ್ದ ಭಾನುವಾರ, ಮಧ್ಯಾಹ್ನ ಕಳೆದ ಮೇಲೆ ಗಾಳಿ ನಿಲ್ಲುತ್ತದೆ. ಮೊದಲು ಮೇಲಿನ ತಿರುವಿನಲ್ಲಿ ನೀರು ಹೊಗೆಯಾಡುತ್ತದೆ. ಆಮೇಲೆ ಆಚೆಯ ಮರಗಳ ಬುಡ ಮಾಯ, ಮರಗಳು ಮಾಯ, ಚಹಾದಣ್ಣನ ಗೂಡಂಗಡಿ ಮಾಯ. ಏರುಬೀದಿಯ ಅಂಗಡಿಗಳಲ್ಲಿ ಹೊತ್ತಿಗೆ ಮುಂಚೆ ದೀಪ ಹತ್ತುತ್ತದೆ. ಅಂಗಡಿಯವರು ಬಾಗಿಲಿಗೆ ಬಂದು ಆಕಾಶ ನೋಡಿ ಗೊಣಗುತ್ತಾರೆ. ಹಗ್ಗದಕ್ಕ ಯಾರ ಕಡೆಗೂ ನೋಡುವುದಿಲ್ಲ. ಕೈಗವಸು ಹಾಕಿಕೊಳ್ಳುತ್ತಾರೆ.

ಆಚೆಯಿಂದ ಬಂದ ಹಿಂದಿನ ದೋಣಿಯಲ್ಲಿ ಚಹಾದಣ್ಣ ಮಾತು ಕಳಿಸಿದ್ದಾರೆ: ಬೆಂಚಿನಲ್ಲಿ ಇದ್ದಾಳೆ. ಆದರೆ ತಂಗಿ ಹಿಂದಿರುಗುವ ರೈಲಿನ ಹೊತ್ತು ಆಗಿನ್ನೂ ಆಗಿರಲಿಲ್ಲ. ಈಗ ಮಂಜಿನೊಳಗೆ ರೈಲು ಸಿಳ್ಳೆ ಹಾಕುತ್ತದೆ. ಗಾಲಿಗಳ ಸದ್ದು ನಿಧಾನ, ಆಮೇಲೆ ಬಿರುಸು, ಆಮೇಲೆ ಇಲ್ಲ. ಅದಕ್ಕೆ ಯಾರು ಹತ್ತಿದರು, ಯಾರು ಹತ್ತದೆ ಉಳಿದರು, ಈ ದಡಕ್ಕೆ ಹೇಗೆ ತಿಳಿಯಬೇಕು? ಗಂಡ ಸ್ಟೂಲಿನಿಂದ ಏಳುತ್ತಾರೆ, ಕೂರುತ್ತಾರೆ.

ದಿನದ ಕೊನೆಯ ದೋಣಿ. ಪಟ್ಟಣಕ್ಕೆ ಮರಳುವವರು ಬ್ರೆಡ್ಡಿನ ಪೊಟ್ಟಣ, ಹೂವಿನ ಕುಂಡ ಹಿಡಿದು ಒತ್ತೊತ್ತಾಗಿ ಕೂತಿದ್ದಾರೆ. ಮುಂದಿನ ಹಲಗೆಯಲ್ಲಿ ಫೋನು ಹಿಡಿದ ಯುವಕ, ಅವನಿಗೆ ಒರಗಿ ಹೊಸ ಹೆಂಡತಿ. ಹಗ್ಗದಕ್ಕ ಎಲ್ಲರ ತಲೆಗಳ ಮೇಲಿಂದ ದೃಷ್ಟಿ ಹಾಯಿಸಿ, ಉಣ್ಣೆಬಟ್ಟೆಯನ್ನು ಕಿವಿಯಿಂದ ಸರಿಸುತ್ತಾರೆ.

“ಆಚೆ ಯಾರಾದ್ರೂ ಇದ್ದೀರಾ?”

ಗಿಡ್ಡ ಕೂಗು. ದೋಣಿಯಲ್ಲಿ ಯಾರೋ ಕಿಸಕ್ಕೆನ್ನುತ್ತಾರೆ. ಆಚೆಯಿಂದ ಏನೂ ಇಲ್ಲ.

ಎರಡನೆಯದು ನೀಳವಾಗಿ, ಹಗ್ಗದಷ್ಟೇ ಉದ್ದಕ್ಕೆ ಹೋಗುತ್ತದೆ. ಹಗಲಿನ ಅರ್ಧ ದನಿಯಲ್ಲ ಇದು. ಮಕ್ಕಳು ಸುಮ್ಮನಾಗುತ್ತವೆ. ನೀರಿನ ಹನಿಯೊಂದು ಹಗ್ಗದಿಂದ ಬಿದ್ದದ್ದೂ ಕೇಳಿಸುತ್ತದೆ. ಏನೂ ಇಲ್ಲ.

ಮೂರನೆಯದಕ್ಕೆ ಮುಂಚೆ ಅವರು ಎಂದಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ. ಇದೊಂದು ಉಳಿದಿದೆ, ಇದಾದರೆ ಮುಗಿಯಿತು. ಆಮೇಲೆ ಇಳಿದನಿಯಲ್ಲಿ, ಮನೆಯ ಒಳಕೋಣೆಯಲ್ಲಿರುವವರನ್ನು ಕರೆಯುವಷ್ಟೇ ಮೆಲ್ಲಗೆ, ಕೂಗುತ್ತಾರೆ.

ಯಾರೋ ಕೆಮ್ಮು ಬಂದು ತಡೆದುಕೊಳ್ಳುತ್ತಾರೆ.

ಠಣ್.

ಕಬ್ಬಿಣಕ್ಕೆ ಕಲ್ಲು ತಾಗಿದ ಸದ್ದು. ತಡೆದು, ಅನುಮಾನಿಸಿ, ಇನ್ನೊಂದು. ಠಣ್.

ದಡದ ಮೇಲೆ ಸ್ಟೂಲು ಉರುಳುತ್ತದೆ. ಗಂಡ ಎದ್ದು ನಿಂತಿದ್ದಾರೆ. ಹಗ್ಗದಕ್ಕ ತಿರುಗಿ ನೋಡುವುದಿಲ್ಲ. ಮರದ ತುಂಡನ್ನು ಹಗ್ಗಕ್ಕೆ ಕಚ್ಚಿಸುತ್ತಾರೆ. ತೇಪೆಯ ಕೈಗವಸು ಬಿಗಿಯಾಗುತ್ತದೆ.

“ಅಕ್ಕಾ, ಅಕ್ಕಾ, ಒಂದ್ನಿಮಿಷ!” ಯುವಕ ಫೋನು ಎತ್ತಿ ಹಿಡಿಯುತ್ತಾನೆ. “ಕೊನೇಲಿ ಅದೇನೋ ಠಣ್ ಅಂದು ಹಾಳಾಯ್ತು. ಇನ್ನೊಂದ್ಸಲ ಕೂಗಿ ಅಕ್ಕಾ, ಪ್ಲೀಸ್.”

ದೋಣಿ ದಡ ಬಿಟ್ಟಿದೆ.

“ಇಲ್ಲಪ್ಪಾ” ಎನ್ನುತ್ತಾರೆ ಹಗ್ಗದಕ್ಕ. “ಇನ್ನು ಕೂಗಲ್ಲ.”